ಗುಡ್ಡ ದಾಟುವ ಸುದ್ದಿ

ಧಾರವಾಡ, ಹುಬ್ಬಳ್ಳಿಗಳ ಕಡೆಯಿಂದ ಹಳ್ಳಗಳಾಗಿ ಹೊರಡುವ ಬೇಡ್ತಿ ಯಲ್ಲಾಪುರ ತಾಲೂಕಿನ ಮಾಗೋಡಿಗೆ ಬರುವಷ್ಟರಲ್ಲಿ ದೊಡ್ಡ ಹೊಳೆಯಾಗಿರುತ್ತದೆ. ಅಲ್ಲಿ ಎರಡು ಹಂತಗಳಲ್ಲಿ ಸುಮಾರು 600 ಅಡಿ ಕೆಳಕ್ಕೆ ಧುಮುಕಿ, ಘಟ್ಟದ ಬುಡದ ಕಣಿವೆಗಳಲ್ಲಿ ಸುತ್ತಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾದ ಬಳಿ ಕಡಲು ಸೇರುತ್ತದೆ. ಈ ಹೊಳೆಯ ಎರಡೂ ದಂಡೆಗಳ ಊರುಗಳೆಂದರೆ ನಾಲ್ಕು ಮನೆ ಇಲ್ಲಿ, ಎರಡು ಮನೆ ಅಲ್ಲಿ. ನಡುವೆ ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದಾಚೆ ಇನ್ನೊಂದು ಕಣಿವೆ. ನೆರೆಮನೆ ಕೂಗಳತೆಯಲ್ಲಿದ್ದರೂ ಅಲ್ಲಿಗೆ ಹೋಗಲು ಒಂದು ಸಂಕ ದಾಟಬೇಕು.

2021ರ ಜುಲೈ 22 ಮತ್ತು 23ರ ಮಳೆ ಈ ನೆಲದ ಜನ ಮರೆಯುವಂಥದ್ದಲ್ಲ. ಕಳಚೆಯಲ್ಲಿ ಧರೆ ಕುಸಿದು ತೋಟಗಳು ಮಣ್ಣಿನಡಿ ಹೋದವು, ಮನೆಗಳು ವಾಸಕ್ಕೆ ಬಾರದಾದವು, ಊರೊಳಗಿನ ರಸ್ತೆಗಳು ತುಂಡಾದವು. ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಗಿ ಆಚೆ ದಡದ ಹಳ್ಳಿಗಳು ಬೇರೆಯಾದವು. ಅರಬೈಲ್ ಘಟ್ಟದಲ್ಲಿ ಗುಡ್ಡ ಜರಿದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಮುಚ್ಚಿತು. ಮೂರು ವರ್ಷ ಕಳೆದು, 2024ರ ಜುಲೈ 16ರ ಬೆಳಿಗ್ಗೆ, ಇದೇ ಹೊಳೆಯ ಕೆಳದಂಡೆಯ ಶಿರೂರಿನಲ್ಲಿ ಗುಡ್ಡವೊಂದು ಹೆದ್ದಾರಿಯ ಮೇಲೆ ಬಿದ್ದು ಹೊಳೆಗಿಳಿಯಿತು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ. ಆ ದುರಂತಕ್ಕೆ ಬಲಿಯಾದವರು 11 ಮಂದಿ.

ಇಂಥ ಹೊತ್ತಿನಲ್ಲಿ ದೋಣಿ, ಜೆಸಿಬಿ, ಹೆಲಿಕಾಪ್ಟರ್ ಎಲ್ಲಕ್ಕೂ ಮುಂಚೆ ಊರಿನಿಂದ ಒಂದು ಸುದ್ದಿ ಹೊರಬೀಳಬೇಕು: ಎಲ್ಲಿ ಆಯಿತು, ಎಷ್ಟು ಜನ ಸಿಕ್ಕಿಕೊಂಡಿದ್ದಾರೆ, ಏನು ಬೇಕು, ಯಾವ ದಾರಿ ಉಳಿದಿದೆ. ಇಷ್ಟು ತಿಳಿದರೆ ಕಾರವಾರದಲ್ಲೋ ಯಲ್ಲಾಪುರದಲ್ಲೋ ಕುಳಿತವರು ತಂಡವನ್ನು ಸರಿಯಾದ ದಡಕ್ಕೆ ಕಳಿಸಬಹುದು. ತಿಳಿಯದಿದ್ದರೆ ತಂಡ ಬರುತ್ತದೆ, ಆದರೆ ಹೊಳೆಯ ತಪ್ಪು ದಡಕ್ಕೆ ಬಂದು ನಿಲ್ಲುತ್ತದೆ. ಈ ಸಣ್ಣ ಸುದ್ದಿಯನ್ನು ಗುಡ್ಡ ದಾಟಿಸುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ನಮ್ಮ ಕೈಯಲ್ಲಿರುವ ಮೊಬೈಲು ಕೂಡ ರೇಡಿಯೋವೇ. ಆದರೆ ಅದರ ರೇಡಿಯೋ ಕೆಲಸ ಹತ್ತಿರದ ಟವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಮಾತು ಹೋಗುವುದು ನೆಲದಡಿಯ ಗಾಜಿನ ಎಳೆಯಲ್ಲಿ, ಅಥವಾ ಟವರಿನಿಂದ ಟವರಿಗೆ ನೆಟ್ಟ ಮೈಕ್ರೋವೇವ್ ತಟ್ಟೆಗಳ ಮೂಲಕ. ಆ ದಾರಿಯ ಪ್ರತಿಯೊಂದು ಕೊಂಡಿಗೂ ಕರೆಂಟು ಬೇಕು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಟವರು ಬ್ಯಾಟರಿಯ ಮೇಲೆ ಕೆಲವು ಗಂಟೆ ನಿಲ್ಲುತ್ತದೆ, ಆಮೇಲೆ ಡೀಸೆಲ್ ಬೇಕು, ಡೀಸೆಲ್ ಬರಬೇಕಾದ ರಸ್ತೆಯ ಮೇಲೆಯೇ ಗುಡ್ಡ ಬಿದ್ದಿರುತ್ತದೆ. ರಸ್ತೆಯಂಚಿನಲ್ಲಿ ಹೂತ ಕೇಬಲ್ಲು ರಸ್ತೆ ಜರಿದಾಗ ಅದರೊಟ್ಟಿಗೇ ಹೋಗುತ್ತದೆ. ಮೈಕ್ರೋವೇವ್ ತಟ್ಟೆಗಳದು ಬೇರೆ ಕಷ್ಟ. ಅವು ಬಳಸುವ ಅಲೆಗಳ ಉದ್ದ ಒಂದೆರಡು ಸೆಂಟಿಮೀಟರ್. ಕೆಲವು ಮಿಲಿಮೀಟರ್ ಗಾತ್ರದ ಮಳೆಹನಿಗಳು ಅಂಥ ಅಲೆಯನ್ನು ಹೀರಿ ಚೆದುರಿಸುತ್ತವೆ, ಜಡಿಮಳೆ ಹೊಡೆದಾಗ ಕೊಂಡಿ ಬಡವಾಗುತ್ತದೆ. ಅಂದರೆ ಮೊಬೈಲ್ ಜಾಲದ ದುರ್ಬಲ ಕೊಂಡಿಗಳೆಲ್ಲ ಸಡಿಲವಾಗುವುದು ಜನರಿಗೆ ಅದು ಅತ್ಯಂತ ಅಗತ್ಯವಾದ ರಾತ್ರಿಯಲ್ಲೇ. ಇಷ್ಟರ ಮೇಲೂ ಟವರೊಂದು ಬದುಕಿದ್ದರೆ ಎಲ್ಲರೂ ಒಟ್ಟಿಗೇ ಅದಕ್ಕೆ ಕರೆ ಮಾಡುತ್ತಾರೆ, ಯಾರ ಕರೆಯೂ ಸೇರುವುದಿಲ್ಲ.

ಪೊಲೀಸರ, ಅರಣ್ಯ ಇಲಾಖೆಯವರ ಕೈಯಲ್ಲಿ ಕಾಣುವ ವಾಕಿ-ಟಾಕಿಗೆ ಈ ಸರಪಳಿಯ ಹಂಗಿಲ್ಲ. ಒಂದು ಸೆಟ್ಟಿನಿಂದ ಹೊರಟ ಅಲೆ ನೇರ ಇನ್ನೊಂದು ಸೆಟ್ಟಿಗೆ ಹೋಗುತ್ತದೆ. ಇಂದಿನ ಮೊಬೈಲು ಸಾಮಾನ್ಯವಾಗಿ ವ್ಯಾಟಿನ ಐದನೆಯ ಒಂದು ಭಾಗದಷ್ಟು ಶಕ್ತಿಯಲ್ಲಿ ಮಾತಾಡಿದರೆ, ಕೈಸೆಟ್ಟು 5 ವ್ಯಾಟಿನಷ್ಟರಲ್ಲಿ ಮಾತಾಡುತ್ತದೆ. ಅದರ ಅಲೆಯ ಉದ್ದ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಮೀಟರ್. ಮಳೆಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಅದಕ್ಕೆ ಅಡ್ಡಿಯಾಗುವುದು ಗುಡ್ಡ. ಈ ತರಂಗಗಳು ಬಹುಮಟ್ಟಿಗೆ ಬೆಳಕಿನಂತೆ ನೇರ ಸಾಗುತ್ತವೆ. ಸಪಾಟು ನೆಲದಲ್ಲಿ ನಿಂತ ಮನುಷ್ಯನ ತಲೆಯೆತ್ತರದ ಆಂಟೆನಾಕ್ಕೆ ಸುಮಾರು 5 ಕಿಲೋಮೀಟರ್ ಆಚೆ ಭೂಮಿಯ ಬಾಗು ಮರೆಯಾಗಿ ನಿಲ್ಲುತ್ತದೆ. ಸುತ್ತಲಿಗಿಂತ 100 ಮೀಟರ್ ಎತ್ತರದ ನೆತ್ತಿಗೆ ಅದನ್ನು ಒಯ್ದರೆ ರೇಡಿಯೋ ದಿಗಂತ 40 ಕಿಲೋಮೀಟರಿಗೆ ಹೋಗುತ್ತದೆ. ಕಣಿವೆಯ ತಳದಲ್ಲಿ ನಿಂತವನಿಗೆ ಇವೆರಡೂ ಇಲ್ಲ. ಎದುರಿನ ಗುಡ್ಡದ ಅಂಚಿಗೆ ಸವರಿ ಹೋಗುವ ಅಲೆಯೇ ಬಯಲಿನಲ್ಲಿ ಸಿಗುವ ಶಕ್ತಿಯ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂಚಿನಿಂದ ಕೆಳಕ್ಕೆ, ನೆರಳಿನ ಆಳಕ್ಕೆ ಹೋದಷ್ಟೂ ನೂರರಲ್ಲಿ ಒಂದು, ಸಾವಿರದಲ್ಲಿ ಒಂದು ಎಂದು ಕುಗ್ಗುತ್ತದೆ. ಉದ್ದನೆಯ ಅಲೆ ಗುಡ್ಡದಂಚಿನಲ್ಲಿ ಸ್ವಲ್ಪ ಹೆಚ್ಚು ಬಾಗುತ್ತದೆ, ಗಿಡ್ಡ ಅಲೆ ಬಾಗಲು ಒಪ್ಪುವುದಿಲ್ಲ. ಆಕಾಶವಾಣಿ ಧಾರವಾಡದ 765 ಕಿಲೋಹರ್ಟ್ಸ್ ಅಲೆಯ ಉದ್ದ 392 ಮೀಟರ್. ನೆಲ ಹಿಡಿದು ಬಾಗುತ್ತ ಬರುವ ಅಂಥ ಅಲೆ ಮೊಬೈಲಿನ ಅಲೆ ಕಾಲಿಡದ ಕಣಿವೆಗೂ ಇಳಿಯುತ್ತದೆ. ಆದರೆ ಅದು ಹೇಳಬಲ್ಲದೇ ಹೊರತು ನಮ್ಮ ಮಾತು ಕೇಳಿಸಿಕೊಳ್ಳಲಾರದು.

ಹಾಗಾಗಿ ಗುಡ್ಡದ ನೆತ್ತಿಯ ಮೇಲೆ ಮರುಪ್ರಸಾರ ಮಾಡುವ ಒಂದು ಪೆಟ್ಟಿಗೆ ಇಡುತ್ತಾರೆ. ಅದಕ್ಕೆ ರಿಪೀಟರ್ ಎಂದು ಹೆಸರು. ಒಂದು ತರಂಗಾಂತರದಲ್ಲಿ ಕೇಳಿದ್ದನ್ನು ಅದು ಅದೇ ಕ್ಷಣ ಇನ್ನೊಂದು ತರಂಗಾಂತರದಲ್ಲಿ ಹೆಚ್ಚಿನ ಬಲದಿಂದ ಬಿತ್ತರಿಸುತ್ತದೆ. ನೆತ್ತಿಗೆ ಎರಡೂ ಕಣಿವೆಗಳು ಕಾಣುವುದರಿಂದ ಈ ಕಣಿವೆಯ ಮಾತು ಆ ಕಣಿವೆಗೆ ಇಳಿಯುತ್ತದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಊರುಗಳೇ ಹೋದಾಗ ಹ್ಯಾಮ್ ಎಂದು ಕರೆಸಿಕೊಳ್ಳುವ, ಪರವಾನಗಿ ಪಡೆದ ರೇಡಿಯೋ ಹವ್ಯಾಸಿಗಳು ಮಾಡಿದ್ದು ಇದನ್ನೇ. ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೆಲೆ ಹೂಡಿದರು, ಅಂಬಲವಯಲಿನ ಪೊನ್ಮುಡಿಕೋಟದ ಎತ್ತರದಲ್ಲಿದ್ದ ರಿಪೀಟರನ್ನು ನಡುಗೊಂಡಿಯಾಗಿ ಬಳಸಿಕೊಂಡು ಕುಸಿತದ ಜಾಗದಲ್ಲಿದ್ದ ತಮ್ಮವರೊಂದಿಗೆ ಮಾತಾಡಿದರು.

ಬೇಡ್ತಿ ಕಣಿವೆಗೆ ಅಂಥ ನೆತ್ತಿಗಳನ್ನು ಹುಡುಕಲು ಹೊರಗಿನ ತಜ್ಞರು ಬರಬೇಕಾಗಿಲ್ಲ. ಕೊರೊನಾ ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ರೇಂಜ್ ಸಿಗುವ ಗುಡ್ಡ ಹುಡುಕಿಕೊಂಡು, ತಾಡಪಾಲು ಕಟ್ಟಿಕೊಂಡು ಕುಳಿತರಲ್ಲ, ಆ ಜಾಗಗಳ ಪಟ್ಟಿಯೇ ಒಂದು ಒಳ್ಳೆಯ ರೇಡಿಯೋ ನಕ್ಷೆ. ಯಾವ ನೆತ್ತಿಗೆ ಯಾವ ದಿಕ್ಕು ತೆರೆದಿದೆ ಎಂಬುದು ಆ ಮಕ್ಕಳಿಗೆ, ಅವರ ಅಪ್ಪ–ಅಮ್ಮಂದಿರಿಗೆ ಬಾಯಿಪಾಠ. ಪಂಚಾಯಿತಿಯವರು ಅವರನ್ನು ಕೂರಿಸಿಕೊಂಡು ಒಂದು ಕಾಗದದ ಮೇಲೆ ಗುರುತು ಹಾಕಿಸಿದರೆ ಅರ್ಧ ಸಮೀಕ್ಷೆ ಮುಗಿದಂತೆ.

ಈಗ ‘ಡಿಜಿಟಲ್’ ಎಂಬುದಕ್ಕೆ ಬರೋಣ. ಹಳೆಯ ವೈರ್‌ಲೆಸ್ ಸೆಟ್ಟು ದನಿಯ ಏರಿಳಿತವನ್ನು ಹಾಗೆಯೇ ಅಲೆಯ ಏರಿಳಿತವಾಗಿಸಿ ಕಳಿಸುತ್ತಿತ್ತು. ಡಿಜಿಟಲ್ ಸೆಟ್ಟು ದನಿಯನ್ನು ಮೊದಲು ಸೊನ್ನೆ–ಒಂದುಗಳ ಲೆಕ್ಕಕ್ಕೆ ಇಳಿಸುತ್ತದೆ. ದೂರವಾಣಿ ಕೇಂದ್ರಗಳಲ್ಲಿ ದಶಕಗಳಿಂದ ಇರುವ ಕ್ರಮದಲ್ಲಿ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಇಟ್ಟರೆ ಸೆಕೆಂಡಿಗೆ 64,000 ಬಿಟ್ ಆಗುತ್ತದೆ. ಕೈಸೆಟ್ಟಿನ ಕಿರಿದಾದ ತರಂಗಪಟ್ಟಿಯಲ್ಲಿ ಅಷ್ಟು ಹಿಡಿಸದು. ಆದ್ದರಿಂದ ಸೆಟ್ಟಿನೊಳಗಿನ ಚಿಪ್ಪು ಜಾಣತನ ಮಾಡುತ್ತದೆ. ಸೆಕೆಂಡನ್ನು 50 ತುಣುಕು ಮಾಡಿ, ಪ್ರತಿ ತುಣುಕಿನಲ್ಲಿ ಗಂಟಲು ಎಷ್ಟು ವೇಗವಾಗಿ ಕಂಪಿಸುತ್ತಿದೆ, ಬಾಯಿ–ಮೂಗಿನ ಪೊಳ್ಳು ಯಾವ ಸ್ವರಗಳನ್ನು ಹಿಗ್ಗಿಸುತ್ತಿದೆ, ಇದು ‘ಅ’ದಂಥ ಕಂಠದ ದನಿಯೋ ‘ಸ’ದಂಥ ಉಸಿರಿನ ದನಿಯೋ ಎಂಬಷ್ಟನ್ನು ಮಾತ್ರ ಬರೆದಿಡುತ್ತದೆ. ಆಚೆಯ ಸೆಟ್ಟು ಆ ವಿವರ ಓದಿ ದನಿಯನ್ನು ಮತ್ತೆ ಕಟ್ಟುತ್ತದೆ. ಡಿಎಂಆರ್ ಎಂಬ ಜನಪ್ರಿಯ ಮಾನಕದ ಸೆಟ್ಟುಗಳಲ್ಲಿ ಹೀಗೆ ಸೆಕೆಂಡಿಗೆ 2,450 ಬಿಟ್‌ಗಳಲ್ಲಿ ಮಾತು ಮುಗಿಯುತ್ತದೆ, ಮೊದಲಿನದಕ್ಕಿಂತ 26 ಪಟ್ಟು ಕಡಿಮೆ.

ಮಾತನ್ನು ಹೀಗೆ ಹಿಂಡಿ ಚಿಕ್ಕದು ಮಾಡಿದಾಗ ಜಾಗ ಉಳಿಯುತ್ತದೆ. ಉಳಿದ ಜಾಗದಲ್ಲಿ ಏನಿಡುತ್ತಾರೆ ಎಂಬುದರಲ್ಲೇ ಡಿಜಿಟಲ್ ರೇಡಿಯೋದ ನಿಜವಾದ ಬಲ ಇದೆ. ಅಡಿಕೆ ವ್ಯಾಪಾರದ ಲೆಕ್ಕದ ಪುಸ್ತಕ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಒಂದು ಸಾಲಿನಲ್ಲಿ 3 ಮತ್ತು 5, ಕೆಳಗಿನ ಸಾಲಿನಲ್ಲಿ 2 ಮತ್ತು 7 ಎಂದು ಬರೆದು, ಅಡ್ಡ ಮೊತ್ತ 8 ಮತ್ತು 9, ಉದ್ದ ಮೊತ್ತ 5 ಮತ್ತು 12 ಎಂದು ಅಂಚಿನಲ್ಲಿ ಹಾಕುತ್ತೇವೆ. ನಕಲು ಮಾಡುವಾಗ ಯಾರೋ 5ನ್ನು 6 ಎಂದು ಬರೆದುಬಿಟ್ಟರೆ ಮೊದಲ ಅಡ್ಡ ಮೊತ್ತವೂ ಎರಡನೆಯ ಉದ್ದ ಮೊತ್ತವೂ ತಾಳೆಯಾಗುವುದಿಲ್ಲ. ಎರಡೂ ಕೂಡುವ ಮನೆಯಲ್ಲೇ ತಪ್ಪಿದೆ, ಎಷ್ಟು ತಪ್ಪಿದೆ ಎಂಬುದೂ ಗೊತ್ತು. ಮೂಲ ಪುಸ್ತಕ ನೋಡದೆಯೇ ತಿದ್ದಬಹುದು. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಸೊನ್ನೆ–ಒಂದುಗಳಿಗೆ ಇಂಥದೇ ತಪಾಸಣೆಯ ಕ್ರಮ ಕೊಟ್ಟರು. ಅದಕ್ಕೆ ಎರಡು ವರ್ಷ ಮೊದಲು ಅಲ್ಲೇ ಇದ್ದ ಕ್ಲಾಡ್ ಶಾನನ್, ಎಷ್ಟೇ ಗದ್ದಲದ ದಾರಿಯಲ್ಲೂ ಒಂದು ಮಿತಿಯ ವೇಗದೊಳಗೆ ಸುದ್ದಿಯನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಮುಟ್ಟಿಸಬಹುದು ಎಂದು ಗಣಿತದಿಂದ ತೋರಿಸಿದ್ದರು. ಡಿಎಂಆರ್ ಸೆಟ್ಟಿನಲ್ಲಿ ಮಾತಿನ ಪ್ರತಿ ತುಣುಕಿಗೆ 49 ಬಿಟ್ ದನಿ, 23 ಬಿಟ್ ತಪಾಸಣೆ. ಕಾಡಿನ ಮರೆಯಲ್ಲಿ ಕೆಲವು ಬಿಟ್ ಕೆಟ್ಟರೂ ಆಚೆಯವನಿಗೆ ಮಾತು ಸ್ವಚ್ಛವಾಗಿ ಕೇಳುತ್ತದೆ.

ಇನ್ನೊಂದು ಲಾಭ ಸರದಿಯದು. ಡಿಎಂಆರ್ ಒಂದು ತರಂಗಪಟ್ಟಿಯನ್ನು 30 ಮಿಲಿಸೆಕೆಂಡುಗಳ ಎರಡು ಸರದಿಗಳಾಗಿ ಹಂಚುತ್ತದೆ. ಒಂದು ಸರದಿಯಲ್ಲಿ 60 ಮಿಲಿಸೆಕೆಂಡಿನ ಮಾತು ಅಡಕವಾಗಿ ಹೋಗುವುದರಿಂದ, ಮುಂದಿನ 30 ಮಿಲಿಸೆಕೆಂಡು ಬೇರೆಯವರಿಗೆ ಬಿಟ್ಟುಕೊಟ್ಟರೂ ಮಾತು ತುಂಡಾಗುವುದಿಲ್ಲ. ಯುರೋಪಿನಲ್ಲಿ ರೂಪುಗೊಂಡು ಹಲವು ದೇಶಗಳ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸೇವೆಗಳು ಬಳಸುವ ಟೆಟ್ರಾದಲ್ಲಿ ನಾಲ್ಕು ಸರದಿಗಳಿವೆ. ಇಂಥ ಜಾಲದಲ್ಲಿ ಗುಂಪು ಕರೆ ಇದೆ, ತುರ್ತು ಗುಂಡಿ ಒತ್ತಿದವನ ಮಾತಿಗೆ ಉಳಿದವರ ಮಾತು ದಾರಿ ಬಿಡುತ್ತದೆ, ಜಾಲವೇ ಸತ್ತರೆ ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತಿಗೂ ಅವಕಾಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ ಬೇರೆ ಬೇರೆ ಇಲಾಖೆಗಳನ್ನು ಒಂದೇ ಮಾತಿನ ಗುಂಪಿಗೆ ತರಬಹುದು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಪೊಲೀಸ್ ಹೆಲಿಕಾಪ್ಟರಿನವರು ಮೇಲಿನಿಂದ ಕಂಡು ಹೇಳಿದ ಎಚ್ಚರಿಕೆ ಕಟ್ಟಡದೊಳಗಿದ್ದ ಅಗ್ನಿಶಾಮಕ ದಳದವರಿಗೆ ಕೇಳಲಿಲ್ಲ; ಇಬ್ಬರ ರೇಡಿಯೋ ಬೇರೆ ಬೇರೆ. ಘಟ್ಟದಲ್ಲಿ ಗುಡ್ಡ ಬಿದ್ದ ದಿನ ಪೊಲೀಸರು, ಅಗ್ನಿಶಾಮಕ ದಳ, ಅರಣ್ಯ ಇಲಾಖೆ, ಹೆಸ್ಕಾಂನ ಲೈನ್‌ಮನ್‌ಗಳು, ವಿಪತ್ತು ಸ್ಪಂದನಾ ಪಡೆಯವರು ಒಂದೇ ತಿರುವಿನಲ್ಲಿ ನಿಂತಿರುತ್ತಾರೆ. ಅವರು ಒಬ್ಬರಿಗೊಬ್ಬರು ಕೂಗಿ ಹೇಳಬೇಕಾದ ಸ್ಥಿತಿ ಇರಬಾರದು.

ಡಿಜಿಟಲ್ ದನಿಗೆ ಎರಡು ದೋಷಗಳಿವೆ, ಅವನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಸಂಕೇತ ಬಡವಾದಾಗ ಹಳೆಯ ಸೆಟ್ಟಿನಲ್ಲಿ ಸುಯ್ ಎಂಬ ಗದ್ದಲ ಹೆಚ್ಚುತ್ತ ಹೋಗುತ್ತಿತ್ತು, ಆದರೂ ಪಳಗಿದ ಕಿವಿ ಅದರೊಳಗಿಂದ ನಾಲ್ಕು ಪದ ಹೆಕ್ಕಿಕೊಳ್ಳುತ್ತಿತ್ತು. ಡಿಜಿಟಲ್ ಸೆಟ್ಟು ಕೊನೆಯವರೆಗೂ ಸ್ವಚ್ಛವಾಗಿ ಕೇಳಿಸಿ, ತಿದ್ದುವ ಶಕ್ತಿ ಮೀರಿದ ಕ್ಷಣ ಪೂರ್ತಿ ಮೌನವಾಗುತ್ತದೆ. ಕಣಿವೆಗಿಳಿಯುತ್ತಿರುವ ರಕ್ಷಣಾ ತಂಡಕ್ಕೆ ಮುನ್ಸೂಚನೆಯೇ ಇರುವುದಿಲ್ಲ. ಎರಡನೆಯದು, ಮನುಷ್ಯನ ಗಂಟಲಿಗಾಗಿ ಹೆಣೆದ ಆ ಚಿಪ್ಪಿಗೆ ಬೇರೆ ಸದ್ದು ಅರ್ಥವಾಗದು. ಅಮೆರಿಕದ ಅಗ್ನಿಶಾಮಕ ದಳದವರು ಗರಗಸ, ಎಚ್ಚರಿಕೆಯ ಗಂಟೆಗಳ ಸದ್ದಿನ ನಡುವೆ ಡಿಜಿಟಲ್ ಮಾತು ಕಲಸಿಹೋಗುತ್ತದೆಂದು ದೂರಿದ ಮೇಲೆ ಅಲ್ಲಿ ಅದರ ಪರೀಕ್ಷೆಗಳೇ ನಡೆದವು. ಮಳೆಗಾಲದ ಮಾಗೋಡಿನ ಮೊರೆತದ ಪಕ್ಕ, ಮರ ಕೊಯ್ಯುವ ಯಂತ್ರದ ಪಕ್ಕ ನಿಂತು ಮಾತಾಡುವವರು ಇದನ್ನು ಮೊದಲೇ ತಿಳಿದಿರಬೇಕು. ಕುಸಿತದ ಜಾಗದಲ್ಲಿ ಹತ್ತಿರ ಹತ್ತಿರ ಕೆಲಸ ಮಾಡುವವರಿಗೆ ಹಳೆಯ ಬಗೆಯ ನೇರ ಚಾನಲ್ ಒಂದನ್ನು ಉಳಿಸಿಕೊಳ್ಳುವುದೇ ಕ್ಷೇಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಸಿಕ್ಕಿಕೊಂಡ ಊರಿನಿಂದ ಮಾತೇ ಏಕೆ ಬರಬೇಕು? ಕಣಿವೆಗೆ ಬೇಕಾದದ್ದು ಜೋರು ದನಿ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಬೇಕಾದದ್ದು ಚಿಕ್ಕ ಸುದ್ದಿ. ಸುದ್ದಿ ಚಿಕ್ಕದಾದಷ್ಟೂ ನಿಧಾನವಾಗಿ ಕಳಿಸಬಹುದು, ನಿಧಾನವಾದಷ್ಟೂ ಬಡ ಸಂಕೇತದಲ್ಲೂ ಅದನ್ನು ಹೆಕ್ಕಬಹುದು.

2017ರಲ್ಲಿ ಹ್ಯಾಮ್‌ಗಳ ಜಗತ್ತಿಗೆ ಎಫ್‌ಟಿ8 ಎಂಬ ವಿಧಾನ ಬಂತು. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು ಜೋಸೆಫ್ ಟೇಲರ್. ಜೋಡಿ ನಕ್ಷತ್ರಗಳ ಪಲ್ಸಾರ್ ಶೋಧಕ್ಕೆ 1993ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡವರು, ಗದ್ದಲದಲ್ಲಿ ಹುದುಗಿದ ಸಂಕೇತ ಹುಡುಕುವುದರಲ್ಲೇ ಬದುಕು ಕಳೆದವರು. ಅವರ ಜೊತೆಗಾರ ಸ್ಟೀವ್ ಫ್ರಾಂಕ್. ಎಫ್‌ಟಿ8 ಒಂದು ಸಲಕ್ಕೆ 77 ಬಿಟ್ ಮಾತ್ರ ಕಳಿಸುತ್ತದೆ. ಅದಕ್ಕೆ ತಪಾಸಣೆಯ ಬಿಟ್ ಸೇರಿಸಿ 174 ಮಾಡಿ, 12.64 ಸೆಕೆಂಡುಗಳಲ್ಲಿ, ಬರೀ 50 ಹರ್ಟ್ಸ್ ಅಗಲದಲ್ಲಿ, ಎಂಟು ಸ್ವರಗಳ ಸಾಲಾಗಿ ಬಿತ್ತರಿಸುತ್ತದೆ. ಮಾತಿಗೆ ಬೇಕಾಗುವ 2,500 ಹರ್ಟ್ಸ್ ಪಟ್ಟಿಯಲ್ಲಿನ ಗದ್ದಲಕ್ಕೆ ಹೋಲಿಸಿದರೆ ಸಂಕೇತ ನೂರನೆಯ ಒಂದು ಪಾಲಿಗೆ ಇಳಿದಿದ್ದರೂ ಕಂಪ್ಯೂಟರ್ ಅದನ್ನು ಓದುತ್ತದೆ. ಕಿವಿಗೆ ಅಲ್ಲಿ ಏನೂ ಕೇಳುತ್ತಿರುವುದಿಲ್ಲ.

77 ಬಿಟ್‌ಗಳಲ್ಲಿ ಏನು ಹೇಳಲಾದೀತು? ಕನ್ನಡ ಅಕ್ಷರಗಳನ್ನು ಕಂಪ್ಯೂಟರು ಸಾಮಾನ್ಯವಾಗಿ ಬರೆಯುವ ಕ್ರಮದಲ್ಲಿ ‘ಗುಡ್ಡ’ ಎಂಬ ಒಂದೇ ಪದಕ್ಕೆ 120 ಬಿಟ್ ಬೇಕು. ಪದವೇ ಹಿಡಿಸಲಿಲ್ಲ ಎಂದು ಕೈಬಿಡಬೇಕಾಗಿಲ್ಲ, ಲೆಕ್ಕ ಹಾಕಿ ನೋಡೋಣ. ಉತ್ತರ ಕನ್ನಡ ಜಿಲ್ಲೆಯನ್ನು ಪೂರ್ತಿ ಮುಚ್ಚುವ 200 ಕಿಲೋಮೀಟರ್ ಬದಿಯ ಚೌಕವೊಂದನ್ನು 100 ಮೀಟರಿನ ಮನೆಗಳಾಗಿ ಕೊಯ್ದರೆ ಒಂದೊಂದು ದಿಕ್ಕಿಗೆ 2,000 ಮನೆ. 11 ಬಿಟ್ ಇದ್ದರೆ 2,048ರವರೆಗೆ ಎಣಿಸಬಹುದು. ಎರಡು ದಿಕ್ಕಿಗೆ 22 ಬಿಟ್: ಯಾವ ಮನೆಯಂಗಳ ಎಂಬುದು ಬಂತು. ದಿನದ 1,440 ನಿಮಿಷಗಳಲ್ಲಿ ಯಾವುದು ಎನ್ನಲು 11. ಸಿಕ್ಕಿಕೊಂಡವರು ಎಷ್ಟು, 127ರವರೆಗೆ, 7. ಗಾಯಾಳುಗಳು 63ರವರೆಗೆ, 6. ಏನಾಯಿತು ಎಂಬುದಕ್ಕೆ 4 ಬಿಟ್ ಇಟ್ಟರೆ 16 ಬಗೆ: ಧರೆ ಕುಸಿತ, ನೆರೆ, ಸಂಕ ಹೋಗಿದೆ, ಮನೆ ಬಿದ್ದಿದೆ, ಹೀಗೆ. ಏನು ಬೇಕು ಎಂಬುದಕ್ಕೆ ಹೌದು–ಅಲ್ಲ ಎಂಬ 8 ಗುರುತು: ವೈದ್ಯರು, ದೋಣಿ, ಜೆಸಿಬಿ, ಕುಡಿಯುವ ನೀರು, ಅಕ್ಕಿ, ಮಗುವಿನ ಹಾಲಿನಪುಡಿ, ಹೆರಿಗೆಗೆ ನೆರವು, ನಿತ್ಯದ ಔಷಧ. ದಾರಿಯ ಸ್ಥಿತಿಗೆ 2. ಕಳಿಸಿದವರ ಗುರುತಿಗೆ 10. ಕೂಡಿದರೆ 70. ಇನ್ನೂ 7 ಬಿಟ್ ಉಳಿದವು! ಆಚೆಯ ಕಂಪ್ಯೂಟರು ಈ ಅಂಕಿಗಳನ್ನು ಬಿಡಿಸಿ ಪೂರ್ತಿ ಕನ್ನಡ ವಾಕ್ಯವಾಗಿ ತೆರೆಗೆ ತರುತ್ತದೆ. ಗಾಬರಿಯಲ್ಲಿರುವ ಮನುಷ್ಯ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿಯೂ ಹೇಳಲಾಗದ್ದು ಕಾಲು ನಿಮಿಷದಲ್ಲಿ, ತಪ್ಪಿಲ್ಲದೆ ಮುಟ್ಟುತ್ತದೆ. ಜಿಲ್ಲಾಡಳಿತ ಮಳೆಗಾಲಕ್ಕೆ ಮುಂಚೆ ಕುಳಿತು ಇಂಥ ಒಂದು ಸಂಕೇತಪಟ್ಟಿ ನಿಗದಿ ಮಾಡುವುದಕ್ಕೆ ಹಣವೇ ಬೇಕಾಗಿಲ್ಲ.

ಕಳಿಸುವ ದಾರಿಗಳು ಎರಡು. ಮೊದಲನೆಯದು ಆಕಾಶದ ದಾರಿ. ಗುಡ್ಡ ಅಡ್ಡ ಬರುವುದು ಅಲೆ ನೇರ ಎದುರಿಗೆ ಹೋದರೆ. ಮೇಲಕ್ಕೆ ಹೋಗುವ ಅಲೆಗೆ ಗುಡ್ಡ ಏನು ಮಾಡೀತು? 7 ಮೆಗಾಹರ್ಟ್ಸ್‌ನ ಅಲೆಯನ್ನು ನೆಟ್ಟಗೆ ಆಕಾಶಕ್ಕೆ ಎಸೆದರೆ ಹಗಲಿನಲ್ಲಿ ಅದು ಸುಮಾರು 300 ಕಿಲೋಮೀಟರ್ ಎತ್ತರದ ಅಯಾನುಗೋಳದಿಂದ ತಿರುಗಿ, ಮೇಲಿನಿಂದ ಸುರಿದಂತೆ ಸುತ್ತಲಿನ ನೂರಾರು ಕಿಲೋಮೀಟರಿಗೆ ಇಳಿಯುತ್ತದೆ. ಮಾಗೋಡಿನ ಕಣಿವೆಯ ತಳಕ್ಕೂ ಕಾರವಾರಕ್ಕೂ ಬೆಂಗಳೂರಿಗೂ ಅದೇ ಸುರಿಮಳೆ. ರಾತ್ರಿ ಅಯಾನುಗೋಳ ತೆಳುವಾದಾಗ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕು. ಇದಕ್ಕೆ ಗೋಪುರ ಬೇಡ, ಆಂಟೆನಾ ತಗ್ಗಿನಲ್ಲಿದ್ದರೇ ಒಳ್ಳೆಯದು. 7 ಮೆಗಾಹರ್ಟ್ಸ್‌ಗಾದರೆ ಒಟ್ಟು 20 ಮೀಟರ್ ಉದ್ದದ ತಂತಿ, ನಡುವಿನಿಂದ ಸೆಟ್ಟಿಗೊಂದು ಕೇಬಲ್ಲು. ಅಷ್ಟು ಅಂತರದ ಎರಡು ಅಡಿಕೆ ಮರಗಳಿಗೆ ಎರಡಾಳೆತ್ತರದಲ್ಲಿ ಹಗ್ಗದಿಂದ ಬಿಗಿದರೆ ಆಯಿತು. ಮರ ಹತ್ತುವ ಅಗತ್ಯವೂ ಇಲ್ಲ, ಒಂದು ಏಣಿ ಸಾಕು.

ಇದಕ್ಕೆ ಹ್ಯಾಮ್ ಪರವಾನಗಿ ಬೇಕು. 12 ವರ್ಷ ತುಂಬಿದ ಯಾರೇ ಆದರೂ ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಅದನ್ನು ಪಡೆಯಬಹುದು. ಬೆಂಗಳೂರಿನಲ್ಲಿ 1959ರಿಂದ ಹ್ಯಾಮ್ ಕ್ಲಬ್ಬಿದೆ, ತರಬೇತಿ ಕೊಡುವ ಭಾರತೀಯ ಹ್ಯಾಮ್ ಸಂಸ್ಥೆ ಇದೆ. ಒಬ್ಬ ಹ್ಯಾಮ್‌ನಿಂದ ಏನಾಗಬಹುದು ಎಂಬುದಕ್ಕೆ 2004ರ ಡಿಸೆಂಬರ್ 26 ಸಾಕ್ಷಿ. ಹವ್ಯಾಸದ ಪ್ರಯೋಗಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ರೇಡಿಯೋ ನಿಲಯ, ಸುನಾಮಿ ಅಂಡಮಾನಿನ ಸಂಪರ್ಕ ಕಡಿದ ಮೇಲೆ ದ್ವೀಪಗಳಿಗೂ ಮುಖ್ಯಭೂಮಿಗೂ ನಡುವೆ ಸುದ್ದಿ ದಾಟಿಸುವ ನಿಲಯವಾಯಿತು. ಬೇಡ್ತಿ ಕಣಿವೆಯ ಪ್ರತಿ ಪ್ರೌಢಶಾಲೆಯಿಂದ ಇಬ್ಬರು ಮಕ್ಕಳು, ಒಬ್ಬ ಶಿಕ್ಷಕರು ಈ ಪರೀಕ್ಷೆಗೆ ಕುಳಿತುಕೊಳ್ಳಲಿ ಎಂದು ನಾನು ಮನಸಾರೆ ಆಶಿಸುತ್ತೇನೆ.

ಎರಡನೆಯ ದಾರಿ ನೆತ್ತಿಯಿಂದ ನೆತ್ತಿಗೆ ಜಿಗಿಯುವುದು. ಫ್ರಾನ್ಸಿನಲ್ಲಿ ಹುಟ್ಟಿದ ಲೋರಾ ಎಂಬ ತಂತ್ರದಲ್ಲಿ ಪ್ರತಿ ಸಂಕೇತವೂ ತಗ್ಗು ಸ್ವರದಿಂದ ಮೇಲಕ್ಕೆ ಜಾರುವ ಒಂದು ಚಿಲಿಪಿಲಿ. ಗದ್ದಲ ಹಾಗೆ ಕ್ರಮವಾಗಿ ಜಾರುವುದಿಲ್ಲವಾದ್ದರಿಂದ ಗದ್ದಲದ ಮಟ್ಟಕ್ಕಿಂತ ನೂರು ಪಟ್ಟು ಕೆಳಗಿದ್ದರೂ ಅದು ಗುರುತು ಸಿಗುತ್ತದೆ. ವೇಗ ಸೆಕೆಂಡಿಗೆ 300 ಬಿಟ್‌ಗೂ ಕಡಿಮೆಗೆ ಇಳಿಯುತ್ತದೆ, ನಮ್ಮ 77 ಬಿಟ್‌ಗೆ ಅದು ಧಾರಾಳ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನಿಗದಿತ ಶಕ್ತಿಯೊಳಗೆ ಇದಕ್ಕೆ ಪರವಾನಗಿ ಬೇಡ. ಅಂಗೈ ಗಾತ್ರದ ಪೆಟ್ಟಿಗೆಗಳನ್ನು ನೆತ್ತಿಗಳ ಮೇಲೆ ಇಟ್ಟರೆ ಒಂದರ ಸುದ್ದಿಯನ್ನು ಇನ್ನೊಂದು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಒಂದು ಕೆಟ್ಟರೆ ಸುದ್ದಿ ಬೇರೆ ನೆತ್ತಿ ಹಿಡಿಯುತ್ತದೆ.

ಸುದ್ದಿ ಊರಿನಿಂದ ಹೊರಗೆ ಬರುವುದಷ್ಟೇ ಅಲ್ಲ, ಹೊರಗಿನಿಂದ ಎಚ್ಚರಿಕೆ ಊರಿಗೂ ಹೋಗಬೇಕು, ಆ ಎಚ್ಚರಿಕೆಗೆ ಮೊದಲು ಮಳೆಯ ಲೆಕ್ಕ ಬೇಕು. ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನೆಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. 2023ರ ಅಕ್ಟೋಬರಿನಲ್ಲಿ ನಮ್ಮ ಮೊಬೈಲುಗಳೆಲ್ಲ ಒಮ್ಮೆಲೇ ಕಿರುಚಿ ಎಚ್ಚರಿಕೆಯ ಪರೀಕ್ಷಾ ಸಂದೇಶ ತೋರಿಸಿದ್ದು ನೆನಪಿರಬಹುದು. ಟವರು ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸದೆ ತನ್ನ ವ್ಯಾಪ್ತಿಯ ಎಲ್ಲರಿಗೂ ಒಟ್ಟಿಗೇ ಬಿತ್ತರಿಸುವ ಆ ಕ್ರಮದಲ್ಲಿ ದಟ್ಟಣೆಯ ಸಮಸ್ಯೆಯೇ ಇಲ್ಲ. ಎರಡೂ ಒಳ್ಳೆಯ ವ್ಯವಸ್ಥೆಗಳು. ಆದರೆ ಎರಡೂ ನಿಂತಿರುವುದು ಮೊಬೈಲ್ ಜಾಲದ ಮೇಲೆ. ಮಳೆ ಅತಿ ಹೆಚ್ಚು ಸುರಿಯುವ ರಾತ್ರಿಯ ಲೆಕ್ಕ ಬೆಳಗಾದ ಮೇಲೆ ಬಂದರೆ ಪ್ರಯೋಜನ ಕಡಿಮೆ. ಕಳಚೆಯಂಥ ಜಾಗದಲ್ಲಿ ಮಳೆಮಾಪಕದ ಪಕ್ಕ ಒಂದು ಲೋರಾ ಪೆಟ್ಟಿಗೆ ಇಟ್ಟು, ಎರಡನೆಯ ದಾರಿ ಮಾಡಿಕೊಡುವುದು ಕಷ್ಟದ ಕೆಲಸವಲ್ಲ.

ರೇಡಿಯೋ ಮಾಡಲಾಗದ್ದನ್ನೂ ಹೇಳಬೇಕು. ಶಿರೂರಿನಲ್ಲಿ ಕಾಣೆಯಾದ ಕೇರಳದ ಲಾರಿಯ ಹುಡುಕಾಟಕ್ಕೆ ಅದರ ಜಿಪಿಎಸ್ ಕೊನೆಯದಾಗಿ ತೋರಿಸಿದ ಜಾಗವೇ ಮೊದಲ ಸುಳಿವಾಯಿತು. ಅಲ್ಲಿಂದಾಚೆ ಅದು ಏನನ್ನೂ ಹೇಳಲಾರದಾಯಿತು. ಜಿಪಿಎಸ್‌ನ 1,575 ಮೆಗಾಹರ್ಟ್ಸ್ ಅಲೆ ಒಂದೆರಡು ಗೇಣು ಕೆಸರು ನೀರಿನಲ್ಲೇ ಬಹುಪಾಲು ಹೀರಿಹೋಗುತ್ತದೆ. ಆಮೇಲಿನ ಶೋಧಕ್ಕೆ ನೆಲಭೇದಕ ರೇಡಾರ್ ಬಂತು, ನೌಕಾಪಡೆಯವರ ಸೋನಾರ್ ಬಂತು, ಮುಳುಗುಗಾರರು ಬಂದರು. ಹೊಳೆಯ ಸೆಳೆತ ತಗ್ಗಿ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಮಣ್ಣಿನಡಿ ಸಿಕ್ಕವರನ್ನು ರೇಡಿಯೋ ಹುಡುಕಿಕೊಡುವುದಿಲ್ಲ. ಗುಡ್ಡ ಬಿರುಕು ಬಿಟ್ಟಿದೆ ಎಂದು ಕಂಡವರ ಮಾತನ್ನು ಗುಡ್ಡ ಬೀಳುವ ಮೊದಲು ಮುಟ್ಟಿಸುವುದರಲ್ಲಿ ಅದರ ಉಪಯೋಗ ಹೆಚ್ಚು.

ಉಳಿದದ್ದು ಕರೆಂಟಿನ ಮತ್ತು ಅಳತೆಯ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕಾಡಿನಲ್ಲಿ ಸೋಲಾರ್ ಫಲಕಕ್ಕೆ ಬಿಸಿಲಿಲ್ಲ. ಆದರೆ ಮಲೆನಾಡಿನ ಹಲವು ಮನೆಗಳಲ್ಲಿ ಹಳ್ಳದ ನೀರಿಗೆ ಕೂರಿಸಿದ ಪುಟ್ಟ ಜಲವಿದ್ಯುತ್ ಯಂತ್ರಗಳಿವೆ, ಮಳೆ ಹೆಚ್ಚಿದಷ್ಟೂ ಅವು ಚೆನ್ನಾಗಿ ತಿರುಗುತ್ತವೆ. ಒಂದು ಬ್ಯಾಟರಿ ತುಂಬಿಡಲು ಅವು ಸಾಕು. ಊರಿನ ರೇಡಿಯೋ ಸೆಟ್ಟು ಇರಬೇಕಾದದ್ದು ಅಂಥ ಮನೆಯಲ್ಲಿ. ಇನ್ನು ನೆತ್ತಿಗಳ ಪರೀಕ್ಷೆ. ಜನವರಿಯ ಒಣ ಹವೆಯಲ್ಲಿ ಜೇನುಕಲ್ಲು ಗುಡ್ಡದಿಂದ ವಜ್ರಳ್ಳಿಯ ಕಡೆಗೆ ಸಂಕೇತ ಮುಟ್ಟಿತು ಎಂದುಕೊಳ್ಳಿ, ಅದನ್ನು ನಂಬಿ ಪೆಟ್ಟಿಗೆ ನೆಡಬಾರದು. ನೀರು ತೊಟ್ಟಿಕ್ಕುವ ಎಲೆಗಳ ಕಾಡು 866 ಮೆಗಾಹರ್ಟ್ಸ್ ಅಲೆಯನ್ನು ಒಣ ಕಾಡಿಗಿಂತ ಹೆಚ್ಚು ಹೀರುತ್ತದೆ, 145ನ್ನು ಅದಕ್ಕಿಂತ ಕಡಿಮೆ, 7ನ್ನು ಅತಿ ಕಡಿಮೆ. ಆದ್ದರಿಂದ ಅಳತೆ ನಡೆಯಬೇಕಾದದ್ದು ಆಷಾಢದಲ್ಲಿ, ಜಡಿಮಳೆಯಲ್ಲಿ, ಕರೆಂಟು ಹೋದ ರಾತ್ರಿಯಲ್ಲಿ. ಮೂರೂ ತರಂಗಾಂತರಗಳಲ್ಲಿ, ಒಂದೊಂದು ಮನೆಯಂಗಳದಿಂದ, ಅಲ್ಲಿ ವಾಸಿಸುವವರ ಕೈಯಲ್ಲೇ ಸೆಟ್ಟು ಕೊಟ್ಟು.